ನಾಲ್ಕು ನಿಮಿಷ ಮೊದಲೇ ಬರುವ ಚುಕ್ಕಿ

ದೋಯ್ ಸಾಂಗ್‌ಫಾ ವೀಕ್ಷಣಾಲಯ
೨೦ ನವೆಂಬರ್, ಬುದ್ಧಶಕ ೨೫೬೬

ಅಮ್ಮಾ,

ಇವತ್ತು ಡಿಶ್ಶನ್ನು ನಾನೇ ತಿರುಗಿಸಿದೆ! ನಾನೊಬ್ಬಳೇ! ಹಿರಿಯ ಆಪರೇಟರ್ ಪೀ ಮೊಂಗ್ಕೋಲ್ ಪಕ್ಕದಲ್ಲೇ ಕೂತಿದ್ದರು ನಿಜ, ಆದರೆ ಕೈ ಕಟ್ಟಿಕೊಂಡು ಕೂತಿದ್ದರು, ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ನಮ್ಮ ಬೀದಿಯ ವಿಹಾರದ ಅಂಗಳದಷ್ಟು ಅಗಲದ ಡಿಶ್ಶು ಅಮ್ಮಾ. ಅಷ್ಟು ದೊಡ್ಡದು ನನ್ನ ಮಾತು ಕೇಳಿ ನಿಧಾನಕ್ಕೆ ಕತ್ತು ಹೊರಳಿಸಿತು. ನನಗೆ ಕಿರುಚಬೇಕು ಅನ್ನಿಸಿತು. ಕಿರುಚಿಯೂಬಿಟ್ಟೆ. "ಏಯ್ ಹುಡುಗಿ, ಅದು ಹೆದ್ರಿಕೊಂಡು ಅಲ್ಲೇ ನಿಂತ್ಬಿಟ್ರೆ ಏನ್ಮಾಡ್ತೀಯ?" ಅಂದರು ಪೀ ಮೊಂಗ್ಕೋಲ್.

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇನ್ನು ಇಲ್ಲಿ ದಿನವೆಲ್ಲ ಫೋನ್ ಇರುವುದಿಲ್ಲ. ಗೇಟಿನಲ್ಲೇ ಆಫ್ ಮಾಡಿ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಒಳಗೆ ಬರಬೇಕು. ಯಾಕೆಂದರೆ ನಾವು ಹಿಡಿಯುವುದು ನಕ್ಷತ್ರಗಳಿಂದ ಬರುವ ರೇಡಿಯೊ ಅಲೆಗಳನ್ನು. ಅವು ಎಷ್ಟು ಸಣ್ಣವು ಅಂದರೆ, ಒಂದು ಫೋನ್ ಜೇಬಿನಲ್ಲಿ ಎಚ್ಚರವಾಗಿದ್ದರೂ ಸಾಕು, ಇಡೀ ಆಕಾಶ ಅದರ ಗದ್ದಲದಲ್ಲಿ ಮುಳುಗಿಹೋಗುತ್ತದೆ. ದೂರದರ್ಶಕ ಅಂದಕೂಡಲೇ ರಾತ್ರಿಯೆಲ್ಲ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತೇನೆ ಅಂದುಕೊಳ್ಳಬೇಡ. ಇದಕ್ಕೆ ಹಗಲೂ ಒಂದೇ, ಮೋಡವೂ ಒಂದೇ. ನಾನು ಹಗಲು ಪಾಳಿಯವಳು, ಸಂಜೆ ಸ್ನಾನ ಮಾಡಿ ಉಂಡು ಮಲಗುತ್ತೇನೆ.

ಗೇಟಿನ ಪಕ್ಕ ಈ ನೆಲ ಕಾಯುವ ದೈವ, ಜಾಗದೊಡೆಯನ ಪುಟ್ಟ ಗುಡಿ ಇದೆ, ಕಂಬದ ಮೇಲೆ. ಪಾಳಿ ಶುರುವಾಗುವ ಮೊದಲು ಪೀ ಮೊಂಗ್ಕೋಲ್ ಒಂದು ಬಾಟಲಿ ಕೆಂಪು ಸೋಡಾ ತೆರೆದು, ಸ್ಟ್ರಾ ಹಾಕಿ ಇಡುತ್ತಾರೆ. ಆಮೇಲೇ ಡಿಶ್ ಅಲ್ಲಾಡುವುದು. ನೋಡಿದೆಯಾ, ನಿನ್ನ ಹರಕೆ ಸಾಮಾನಿನ ವ್ಯಾಪಾರ ಇಲ್ಲಿಗೂ ತಲುಪಿದೆ.

ಸದ್ಯಕ್ಕೆ ನನ್ನದು ತಾತ್ಕಾಲಿಕ ಕೆಲಸ. ಚಳಿಗಾಲ ಮುಗಿಯುವಾಗ ಖಾಯಂ ಮಾಡುವುದೋ, ಮನೆಗೆ ಕಳಿಸುವುದೋ ಅಂತ ಇಲ್ಲಿಯ ಮುಖ್ಯಸ್ಥೆ ಆಚಾನ್ ಪ್ರಾಪೈ ತೀರ್ಮಾನಿಸುತ್ತಾರೆ.

ಹೊರಡುವ ದಿನ ನೀನು ಬಾಗಿಲವರೆಗೂ ಬರಲಿಲ್ಲ. ಪರವಾಗಿಲ್ಲ. ಕಾಗದ ಬರಿ.

ನಿನ್ನ
ಕ್ರಾತೇ


ಲಾಂಪಾಂಗ್
ಯೀ ಪೆಂಗ್ ಹಬ್ಬದ ಮಾರನೇ ದಿನ

ಏ ಅಳಿಲೇ,

ಹೌದು, ಫೋನ್ ಎತ್ತಲಿಲ್ಲ. ಎತ್ತುವುದೂ ಇಲ್ಲ. ಫೋನಿನಲ್ಲಾದರೆ ನನ್ನ ಮಾತು ಅರ್ಧದಲ್ಲಿರುವಾಗಲೇ "ಸರಿ ಅಮ್ಮಾ, ಇಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ಹಾಗಾಗಿ ಇನ್ನು ಮೇಲೆ ಕಾಗದವೇ.

ಕಾಗದದ ಜೊತೆ ಕಳಿಸಿದ ನಿನ್ನ ಡಿಶ್ಶಿನ ಫೋಟೋ ನೋಡಿದೆ. ಡಿಶ್ಶಂತೆ ಡಿಶ್ಶು! ಬಾಣಲೆ ಕಣೇ ಅದು. ಪಕ್ಕದ ಅಂಗಡಿಯ ಪಾ ಸೆಂಗ್‌ಗೆ ತೋರಿಸಿದೆ. "ಇಷ್ಟ್ ದೊಡ್ಡ ಬಾಣ್ಲೇಲಿ ಏನ್ ಕರೀತಾರಂತೆ ನಿನ್ನ ಮಗ್ಳು?" ಅಂದಳು. "ಗಾಳಿ ಕರೀತಾಳೆ" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು, "ಪಾಪ, ಕಷ್ಟಪಟ್ಟು ಓದಿದ್ಳು" ಅಂದಳು. ನಾನು ಅವಳ ಜೊತೆ ಸಂಜೆವರೆಗೂ ಮಾತಾಡಲಿಲ್ಲ. ನನ್ನ ಮಗಳ ಬಗ್ಗೆ ನಾನು ನಗಬಹುದು, ಅವಳು ಯಾರು ಪಾಪ ಅನ್ನುವುದಕ್ಕೆ?

ಹಬ್ಬದ ವ್ಯಾಪಾರ ಚೆನ್ನಾಗಾಯಿತು. ಹೂಮಾಲೆ, ಊದಿನಕಡ್ಡಿ, ಮಣ್ಣಿನ ಹುಂಜ ಎಲ್ಲ ಖಾಲಿ. ಈಗಿನವರು ಹರಕೆ ತೀರಿಸುವುದಕ್ಕೆ ಮಣ್ಣಿನ ಹುಂಜಕ್ಕಿಂತ ಮಿಣುಕುವ ದೀಪವನ್ನೇ ಕೇಳುತ್ತಾರೆ. ನಾನೂ ತರಿಸಿಟ್ಟಿದ್ದೇನೆ. ಕೂಗಿ ಕೂಗಿ ಗಂಟಲು ಹೋಗಿದೆ. ನೀನಿದ್ದಿದ್ದರೆ ಒಂದು ಕಡೆ ನೀನು ನಿಲ್ಲುತ್ತಿದ್ದೆ. ಇರಲಿ, ಅದನ್ನು ಬರೆಯಬಾರದು ಅಂದುಕೊಂಡಿದ್ದೆ.

ಊಟ ಏನು ಮಾಡುತ್ತೀಯ? ಬೆಟ್ಟದ ಮೇಲೆ ಚಳಿ ಇರುತ್ತದೆ, ತಲೆಗೆ ಬಟ್ಟೆ ಕಟ್ಟು. ಖಾವ್ ತೇನ್ ಒಂದು ಡಬ್ಬಿ ಕಳಿಸಿದ್ದೇನೆ, ಕಲ್ಲಂಗಡಿ ರಸ ಹಾಕಿ ಕರಿದ ಅಕ್ಕಿ ಬಿಲ್ಲೆ. ಒಬ್ಬಳೇ ತಿನ್ನಬೇಡ, ಆ ಕೈ ಕಟ್ಟಿ ಕೂತವರಿಗೂ ಕೊಡು.

ನಿಮ್ಮ ಜಾಗದೊಡೆಯ ಶಕ್ತಿವಂತನಾ? ಕೇಳಿದ್ದನ್ನು ಕೊಡುತ್ತಾನಾ? ನಾನೂ ಇಲ್ಲಿಂದಲೇ ಆ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದು ಅವನ ಹತ್ತಿರ ಒಂದು ಮಾತು ಬೇಡಿಕೊಂಡಿದ್ದೇನೆ. ಏನು ಅಂತ ಕೇಳಬೇಡ. ಹರಕೆ ಬಾಯಿಬಿಟ್ಟು ಹೇಳುವಂಥದ್ದಲ್ಲ.

ನಿನ್ನ ಗೇಟು ತುಳಿಯುವುದಿಲ್ಲ ಅಂದಿದ್ದೆನಲ್ಲ, ಆ ಮಾತು ಹಾಗೇ ಇದೆ. ನೆನಪಿರಲಿ.

ನಿನ್ನ ತಾಯಿ
ಬುವಾಖಮ್


ದೋಯ್ ಸಾಂಗ್‌ಫಾ
೧೮ ಡಿಸೆಂಬರ್ ೨೫೬೬

ಅಮ್ಮಾ! ಅಮ್ಮಾ! ಅಮ್ಮಾ!

ಕೂತಿದ್ದೀಯಾ? ಇಲ್ಲವಾದರೆ ಕೂತುಕೋ. ಅಂಗಡಿಯಲ್ಲಿದ್ದರೆ ಗಿರಾಕಿಗಳನ್ನು ಕಳಿಸಿಬಿಡು.

ನನಗೊಂದು ಚುಕ್ಕಿ ಸಿಕ್ಕಿದೆ.

ಕಳೆದ ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ಡಿಶ್ಶನ್ನು ಹದ್ದಿನ ನಕ್ಷತ್ರಪುಂಜದ ಪಕ್ಕದ ಒಂದು ಖಾಲಿ ಜಾಗಕ್ಕೆ ತಿರುಗಿಸಿಟ್ಟಿದ್ದೆವು. ಅಲ್ಲಿ ಏನೂ ಇಲ್ಲ ಅಂತಲೇ ಎಲ್ಲರ ಲೆಕ್ಕ. ನೀನು ಕಳಿಸಿದ ಖಾವ್ ತೇನ್ ಕಚ್ಚುತ್ತಾ ಪರದೆ ನೋಡುತ್ತಿದ್ದೆ. ಸುಮ್ಮನೆ ಗೀಚಿದ ಹಾಗಿದ್ದ ಗೆರೆಗಳ ನಡುವೆ ಒಂದು ಮುಳ್ಳು ಎದ್ದಿತು. ಸ್ವಲ್ಪ ಬಿಟ್ಟು ಇನ್ನೊಂದು. ಅಷ್ಟೇ ಬಿಟ್ಟು ಮತ್ತೊಂದು. ಟಕ್. ಟಕ್. ಟಕ್. ಒಂದಿಷ್ಟೂ ಆಚೀಚೆ ಇಲ್ಲ! ನಾನು ಬಾಯಿಯಲ್ಲಿದ್ದದ್ದನ್ನು ಅಗಿಯುವುದನ್ನೇ ಮರೆತೆ.

ಅದು ಸತ್ತ ನಕ್ಷತ್ರ ಅಮ್ಮಾ. ಸತ್ತ ಮೇಲೂ ಬುಗುರಿಯ ಹಾಗೆ ಸುತ್ತುತ್ತಾ ಇರುತ್ತದೆ. ಒಂದೊಂದು ಸುತ್ತಿಗೆ ಒಂದೊಂದು ಸಲ ಅದರ ಅಲೆ ನಮ್ಮ ಕಡೆ ಬೀಸಿ ಹೋಗುತ್ತದೆ, ಆಂಬ್ಯುಲೆನ್ಸಿನ ಮೇಲೆ ಸುತ್ತುವ ಕೆಂಪು ದೀಪ ಬೀಸಿದ ಹಾಗೆ. ಪೀ ಮೊಂಗ್ಕೋಲ್ ಅದನ್ನು ಸ್ಪೀಕರಿಗೆ ಹಾಕಿದರು. ಇಡೀ ಕೋಣೆಯಲ್ಲಿ ಟಕ್ ಟಕ್. ಅವರು ಕಟ್ಟಿದ ಕೈ ಬಿಚ್ಚಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಚಾನ್ ಪ್ರಾಪೈ ಓಡಿ ಬಂದರು. ಯಾವ ದೇಶದವರ ಪಟ್ಟಿಯಲ್ಲೂ ಇದು ಇಲ್ಲ. ಆದರೆ ಅವರು ನನ್ನ ಹಾಗೆ ಕುಣಿಯುವವರಲ್ಲ. "ನಾಳೆ ಬರ್ಲಿ, ನೋಡೋಣ" ಅಂದರು.

ಇದು ನಿನಗೆ ತಿಳಿಯಬೇಕು, ಇದರಲ್ಲೇ ಎಲ್ಲ ಇದೆ. ಆಕಾಶದ ಗಡಿಯಾರ ನಮ್ಮ ಗಡಿಯಾರಕ್ಕಿಂತ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ. ನಿಜವಾದ ನಕ್ಷತ್ರ ಇವತ್ತು ಎರಡು ಗಂಟೆಗೆ ನೆತ್ತಿಗೆ ಬಂದರೆ, ನಾಳೆ ನಾಲ್ಕು ನಿಮಿಷ ಮೊದಲೇ ಬಂದಿರುತ್ತದೆ. ಮನುಷ್ಯರ ಯಂತ್ರದ ಗದ್ದಲವಾದರೆ ಅದಕ್ಕೆ ಮನುಷ್ಯರ ಗಡಿಯಾರವೇ ಗತಿ. ಕೆಳಗಿನ ಹಳ್ಳಿಯ ಅಕ್ಕಿ ಗಿರಣಿ ಆಕಾಶ ನೋಡಿಕೊಂಡು ಶುರುವಾಗುವುದಿಲ್ಲ.

ಮಾರನೇ ದಿನ ಬಂತು, ನಾಲ್ಕು ನಿಮಿಷ ಮೊದಲೇ! ಮೂರನೇ ದಿನ ಬರಲಿಲ್ಲ. ನಾಲ್ಕನೇ ದಿನ ಮತ್ತೆ ಬಂತು. ಕೆಲವು ಚುಕ್ಕಿಗಳು ಹಾಗೆ ನಡುನಡುವೆ ಮೌನವಾಗುತ್ತವೆ. ಬೇರೆಯವರ ಕಣ್ಣು ತಪ್ಪಿಸಿಕೊಂಡಿದ್ದೂ ಅದಕ್ಕೇ ಇರಬೇಕು. "ಮೂರನೇ ದಿನ ಏನಮ್ಮ, ರಜಾ ಹಾಕಿತ್ತಾ?" ಅಂದರು ಆಚಾನ್. ಇನ್ನೂ ಕೆಲವು ವಾರ ಕಾದು ನೋಡಿ, ಪಕ್ಕಾ ಆದಮೇಲೆ ವರದಿ ಕಳಿಸುತ್ತಾರಂತೆ. ಅದರಲ್ಲಿ ನನ್ನ ಹೆಸರು ಮೊದಲು! ಹಾಗಾದರೆ ಕೆಲಸ ಖಾಯಂ. ನಾನು ಇಲ್ಲೇ ಇರಬಹುದು ಅಮ್ಮಾ, ಎಷ್ಟು ವರ್ಷ ಬೇಕಾದರೂ!

ಯಾರಿಗೂ ಹೇಳಬೇಡ. ಪಾ ಸೆಂಗ್‌ಗಂತೂ ಹೇಳಲೇಬೇಡ.

ಕುಣಿಯುತ್ತಿರುವ
ಕ್ರಾತೇ


ಲಾಂಪಾಂಗ್, ಅಂಗಡಿಯಿಂದ
೨೧ ಡಿಸೆಂಬರ್

ಅಳಿಲೇ,

ಪಾ ಸೆಂಗ್‌ಗೆ ಹೇಳಿದೆ. ಏನು ಮಾಡಲಿ, ಕಾಗದ ಓದುವಾಗ ಅವಳು ಎದುರಿಗೇ ಇದ್ದಳು. ಅವಳು ತೆಂಗಿನಕಾಯಿ ಹಾಲಿನವನಿಗೆ ಹೇಳಿದಳು. ಸಂಜೆಯ ಹೊತ್ತಿಗೆ ಮಾರುಕಟ್ಟೆಗೆಲ್ಲ ಗೊತ್ತು. ಕುದುರೆಗಾಡಿಯವನು ನಿಲ್ಲಿಸಿ, "ಚುಕ್ಕಿ ಹಿಡ್ದವ್ಳ ಅಮ್ಮ ಅಂದ್ರೆ ನೀವೇನಾ?" ಅಂತ ಕೇಳಿದ. ಅಲ್ಲ ಅನ್ನಲಾ?

ನನಗೆ ನಿನ್ನ ಟಕ್ ಟಕ್ ಪೂರ್ತಿ ತಿಳಿಯಲಿಲ್ಲ. ನಾಲ್ಕು ನಿಮಿಷದ್ದು ಮಾತ್ರ ತಿಳಿಯಿತು. ಕರೆಯದೆ, ಹೇಳಿಸಿಕೊಳ್ಳದೆ ದಿನಾ ಮೊದಲೇ ಬರುವವರು ಈ ಲೋಕದಲ್ಲಿ ಯಾರಾದರೂ ಇದ್ದಾರಲ್ಲ, ಸಂತೋಷ.

ಎಷ್ಟು ವರ್ಷ ಬೇಕಾದರೂ ಅಂತ ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿದೆ.

ನಿಮ್ಮ ವ್ಯಾನ್ ಓಡಿಸುವ ಲುಂಗ್ ಪನ್ ಸಾಮಾನು ತರುವುದಕ್ಕೆ ಇಲ್ಲಿಗೆ ಬಂದಿದ್ದ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಬೊಂಬಾಯಿ. ಅವನ ಕೈಯಲ್ಲಿ ನಿಮ್ಮ ಜಾಗದೊಡೆಯನಿಗೆ ಒಂದು ಕಾಣಿಕೆ ಕಳಿಸಿದ್ದೇನೆ. ಅವನೇ ಗುಡಿಯೊಳಗೆ ಇಡುತ್ತಾನೆ, ನೀನು ತಲೆ ಹಾಕಬೇಡ. ಕೇಳಿದ ಕೆಲಸ ಇನ್ನೂ ಆಗಿಲ್ಲ. ಮುಂಗಡ ಕೊಟ್ಟರೆ ಒಡೆಯನಿಗೂ ಒಂದು ಮುಲಾಜು ಇರುತ್ತದೆ ನೋಡು. ಅಂಗಡಿಯಲ್ಲಿ ಇದ್ದದ್ದರಲ್ಲೇ ಅತ್ಯುತ್ತಮವಾದದ್ದು ಕೊಟ್ಟಿದ್ದೇನೆ.

ಸ್ವೆಟರ್ ಹಾಕಿಕೋ.

ಬುವಾಖಮ್


ದೋಯ್ ಸಾಂಗ್‌ಫಾ
೩ ಜನವರಿ ೨೫೬೭

ಅಮ್ಮಾ,

ಏನು ಮಾಡಿಬಿಟ್ಟೆ ನೀನು!

ಮೊದಲಿನಿಂದ ಹೇಳುತ್ತೇನೆ, ಇಲ್ಲವಾದರೆ ಬರೀ ಬೈಗುಳ ಬರುತ್ತದೆ. ಕಳೆದ ತಿಂಗಳ ಕೊನೆಯ ವಾರದಲ್ಲಿ ಪರದೆಯ ತುಂಬ ಟಕ್ ಟಕ್. ಮೊದಲು ಕುಣಿದೆ. ಆಮೇಲೆ ಡಿಶ್ಶನ್ನು ಉತ್ತರಕ್ಕೆ ತಿರುಗಿಸಿದೆ, ಅಲ್ಲೂ ಟಕ್ ಟಕ್. ದಕ್ಷಿಣಕ್ಕೆ ತಿರುಗಿಸಿದೆ, ಅಲ್ಲೂ ಅದೇ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಎತ್ತ ತಿರುಗಿದರೂ ಅದೇ. ಆಕಾಶದ ಚುಕ್ಕಿ ಒಂದೇ ಕಡೆ ಇರಬೇಕು. ಎಲ್ಲ ಕಡೆ ಇರುವುದು ನಮ್ಮ ಪಕ್ಕದ್ದೇ ಗದ್ದಲ.

ಆಚಾನ್ ಮುಖ ಗಂಟಿಕ್ಕಿಕೊಂಡರು. ಗತಿಯೂ ಹೆಚ್ಚುಕಡಿಮೆ ನನ್ನ ಚುಕ್ಕಿಯದ್ದೇ. "ಮೊದ್ಲು ನೋಡಿದ್ದೂ ಇಂಥದ್ದೇ ಯಾವ್ದೋ ಗದ್ಲ ಇರ್ಬೇಕು. ಇದು ನಿಲ್ಲೋವರ್ಗೂ ನಿನ್ನ ಚುಕ್ಕಿ ಚುಕ್ಕಿಯಲ್ಲ" ಅಂದರು. ವರದಿ ಹಾಗೇ ನಿಂತಿದೆ.

ಪೀ ಮೊಂಗ್ಕೋಲೂ ನಾನೂ ಕೈಯಲ್ಲಿ ಆಂಟೆನಾ ಹಿಡಿದು ಬೆಟ್ಟವೆಲ್ಲ ಸುತ್ತಿದೆವು. ಅಡುಗೆಮನೆಯ ಓವನ್ ಕಿತ್ತು ನೋಡಿದೆವು. ಕೆಳಗಿನ ಎಮ್ಮೆ ಕೊಟ್ಟಿಗೆಯ ಕರೆಂಟು ಬೇಲಿಯನ್ನು ಕಾಡಿ ಬೇಡಿ ಆಫ್ ಮಾಡಿಸಿದೆವು. ಏನೂ ಬದಲಾಗಲಿಲ್ಲ. ಕೊನೆಗೆ ಆಂಟೆನಾ ಎಲ್ಲಿಗೆ ತೋರಿಸಿತು ಗೊತ್ತಾ? ಗೇಟಿನ ಪಕ್ಕಕ್ಕೆ. ಜಾಗದೊಡೆಯನ ಗುಡಿಗೆ! ಹೂಮಾಲೆ ಸರಿಸಿ ನೋಡಿದರೆ ಒಳಗೆ, ಮೂಲೆಯಲ್ಲಿ, ಏಳು ಬಣ್ಣದ ಪ್ಲಾಸ್ಟಿಕ್ ಕಮಲ ಮಿಣುಕುತ್ತಿದೆ. ನಾವೆಲ್ಲ ದಿನಾ ಅದರ ಎದುರಿಗೇ ನಿಂತು ಕೈ ಮುಗಿಯುತ್ತಿದ್ದೆವು, ಕಣ್ಣು ಮುಚ್ಚಿಕೊಂಡು.

ಕಮಲದ ತಳದಲ್ಲಿ ಚೀಟಿ ಅಂಟಿಸಿದೆ: ಬುವಾಖಮ್ ಹರಕೆ ಸಾಮಾನು, ಲಾಂಪಾಂಗ್. ಭೂಮಿ ಬಾಯ್ಬಿಡಬಾರದಾ ಅನ್ನಿಸಿತು ನನಗೆ.

ಲುಂಗ್ ಪನ್ ಏನಂದ ಗೊತ್ತಾ? "ಫೋನ್ ಬೇಡ ಅಂತ ತಾನೇ ಬೋರ್ಡ್ ಹಾಕಿರೋದು? ದೀಪ ಬೇಡ ಅಂತ ಎಲ್ ಬರ್ದಿದೆ?"

ಆರಿಸಿ ಬಿಸಾಕಿದರೆ ಆಯಿತಲ್ಲ ಅನ್ನುತ್ತೀಯಾ? ಇಲ್ಲ, ನೀನು ಹಾಗನ್ನುವುದಿಲ್ಲ, ನಿನಗೆ ಗೊತ್ತು. ಯಾರೂ ಮುಟ್ಟುತ್ತಿಲ್ಲ! ನಾನು ಕೈ ಚಾಚಿದರೆ ಪೀ ಮೊಂಗ್ಕೋಲ್ ನನ್ನ ಮೊಣಕೈ ಹಿಡಿದು ಎಳೆದರು. "ಯಾರ್ ಕೊಟ್ರೋ ಅವ್ರೇ ಕೇಳಿ ಬಿಡಿಸ್ಕೋಬೇಕು. ಇನ್ನೊಬ್ರ ಹರಕೆಗೆ ಕೈ ಹಾಕ್ಬಾರ್ದು" ಅಂದರು. ಆಚಾನ್ ಜರ್ಮನಿಯಲ್ಲಿ ಓದಿ ಬಂದವರು. "ನಾನು ಇದನ್ನೆಲ್ಲ ನಂಬಲ್ಲ" ಅಂದರು. ಹಾಗನ್ನುತ್ತಲೇ ಕೈ ಮುಗಿದು ಎರಡು ಹೆಜ್ಜೆ ಹಿಂದೆ ಹೋದರು. ಅಲೆ ಹೊರಗೆ ಬರದಿರಲಿ ಅಂತ ಒಂದು ತಗಡಿನ ಬಿಸ್ಕತ್ತು ಡಬ್ಬಿಯನ್ನು ಕಮಲದ ಮೇಲೆ ಕವುಚಿ ಹಾಕಿದೆವು. ಅವತ್ತೇ ಡಿಶ್ಶಿನ ಮೋಟರು ಕೆಟ್ಟು ನಿಂತಿತು. ಡಬ್ಬಿ ತೆಗೆದು ಓಡಿದರು ಎಲ್ಲ. ಮೋಟರು ರಿಪೇರಿಯಾದ ಮೇಲೂ ಮತ್ತೆ ಡಬ್ಬಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಬ್ಯಾಟರಿ ಮುಗಿಯುವುದನ್ನು ಕಾಯೋಣ ಅಂದರೆ, ಅದು ಬಿಸಿಲಿನಿಂದಲೇ ಚಾರ್ಜ್ ಆಗುವಂಥದ್ದು!

ತಿಂಗಳ ಕೊನೆಗೆ ಡಿಶ್ಶನ್ನು ಬೇರೆ ತಂಡಕ್ಕೆ ಬಿಟ್ಟುಕೊಡುತ್ತಾರೆ. ಅಷ್ಟರೊಳಗೆ ಈ ದೀಪ ಹೊರಗೆ ಬಂದು, ನನ್ನ ಚುಕ್ಕಿ ತನ್ನ ಹೊತ್ತಿಗೆ ಸರಿಯಾಗಿ ಕಾಣಿಸಬೇಕು. ಇಲ್ಲವಾದರೆ ಚುಕ್ಕಿಯೂ ಇಲ್ಲ, ಕೆಲಸವೂ ಇಲ್ಲ.

ಅಮ್ಮಾ, ನೀನೇ ಬರಬೇಕು.

ಕ್ರಾತೇ


ಲಾಂಪಾಂಗ್
೬ ಜನವರಿ

ಕ್ರಾತೇ,

ಬರುವುದಕ್ಕೆ ಆಗುವುದಿಲ್ಲ.

ಗೇಟು ತುಳಿಯುವುದಿಲ್ಲ ಅಂದದ್ದು ಒಂದು. ಅದನ್ನಾದರೂ ನುಂಗಿಕೊಳ್ಳಬಹುದು, ನಿನಗೋಸ್ಕರ ಎಷ್ಟು ನುಂಗಿಲ್ಲ. ಆದರೆ ಕೊಟ್ಟ ಕಾಣಿಕೆಯನ್ನು ಬಿಡಿಸಿಕೊಳ್ಳುವುದು ಅಂದರೆ ಅಂಗಡಿಯಲ್ಲಿ ಸೀರೆ ವಾಪಸ್ ಮಾಡಿದ ಹಾಗಲ್ಲ. ಅದಕ್ಕೊಂದು ಕ್ರಮ ಇದೆ. ಆ ಕ್ರಮದ ಪ್ರಕಾರ ನಾನು ಅಲ್ಲಿ ನಿಂತು ಒಂದು ಮಾತು ಹೇಳಬೇಕಾಗುತ್ತದೆ. ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಅದು ಅಂಗಡಿಯಲ್ಲೇ ಒಳ್ಳೆಯ ದೀಪ. ಬೇರೆಯದು ಕಳಿಸಿದ್ದರೆ ಎರಡು ದಿನಕ್ಕೆ ಆರಿಹೋಗುತ್ತಿತ್ತು. ನನ್ನ ಹಣೆಬರಹ.

ಉಂಡೆಯಾ?

ಬುವಾಖಮ್


ದೋಯ್ ಸಾಂಗ್‌ಫಾ
೯ ಜನವರಿ

ಅಮ್ಮಾ,

ಸರಿ. ಬಿಡು.

ಹಾಸ್ಟೆಲಿನ ಕೋಣೆಯಲ್ಲಿ ಪುಸ್ತಕ ಕಟ್ಟಿಡಲು ಶುರು ಮಾಡಿದ್ದೇನೆ. ಪೀ ಮೊಂಗ್ಕೋಲ್ ಬಂದು ನೋಡಿ, "ಇಷ್ಟ್ ಬೇಗ ಯಾಕೆ?" ಅಂದರು. ನಾನು ಇನ್ನೊಂದು ಕಟ್ಟಿಗೆ ದಾರ ಬಿಗಿದೆ. ಚುಕ್ಕಿ ಈಗ ಊಟದ ಗಂಟೆಯ ಹತ್ತಿರ ನೆತ್ತಿಗೆ ಬರುತ್ತದೆ. ಆ ಹೊತ್ತಿಗೆ ನಾನು ಪರದೆಯ ಮುಂದೆ ಕೂತೇ ಇರುತ್ತೇನೆ. ಕಮಲದ ಗದ್ದಲದಲ್ಲಿ ಏನೂ ಕಾಣುವುದಿಲ್ಲ. ಆದರೂ ಅದು ಬಂದಿರುತ್ತದೆ ಅಂತ ನನಗೆ ಗೊತ್ತು. ಬಂದು, ಯಾರೂ ನೋಡದೆ, ಹೋಗುತ್ತದೆ.

ಫೆಬ್ರವರಿ ಮೊದಲ ವಾರ ಮನೆಗೆ ಬರುತ್ತೇನೆ. ಅಂಗಡಿಯಲ್ಲಿ ಒಂದು ಕಡೆ ನೀನು, ಒಂದು ಕಡೆ ನಾನು. ನಿನಗೆ ಬೇಕಾಗಿದ್ದೂ ಅದೇ ತಾನೇ.

ಕ್ರಾತೇ


ಲಾಂಪಾಂಗ್
೧೬ ಜನವರಿ

ನನ್ನ ಅಳಿಲಿಗೆ,

ಮನೆ ತಲುಪಿದೆ. ಬಸ್ಸಿನಲ್ಲಿ ಪಕ್ಕದವನು ಭುಜದ ಮೇಲೆ ಮಲಗಿ ಜೊಲ್ಲು ಸುರಿಸಿದ, ಅದು ಬಿಟ್ಟರೆ ಏನೂ ತೊಂದರೆ ಇಲ್ಲ.

ನಿನ್ನೆ ನಿನ್ನ ಗೇಟು ತುಳಿದು ನಿನ್ನ ಮುಂದೆ ನಿಂತೆ. "ಬಂದ್ಯಾ?" ಅಂದೆ ನೀನು. "ಬಂದೆ" ಅಂದೆ ನಾನು. ಅಷ್ಟೇ ಆಯಿತು ನಮ್ಮ ಮಾತು. ಹಾಗಾಗಿ ಉಳಿದದ್ದನ್ನು ಬರೆಯುತ್ತೇನೆ. ಪೂರ್ತಿ ಓದು.

ಗುಡಿಯ ಹತ್ತಿರ ಎಲ್ಲರನ್ನೂ ದೂರ ಕಳಿಸಿದೆನಲ್ಲ, ನಿನ್ನನ್ನೂ. ನಿಮ್ಮ ಆಚಾನ್ ಪಾಪ, ಅಷ್ಟು ಓದಿದವಳು, ನನಗೆ ಮೊದಲು ಕೈ ಮುಗಿದಳು. ನನಗೆ ನಾಚಿಕೆಯಾಯಿತು. ಊದಿನಕಡ್ಡಿ ಹಚ್ಚಿದೆ, ಕೆಂಪು ಸೋಡಾ ಇಟ್ಟೆ, ಅಂಟನ್ನ, ಬೇಯಿಸಿದ ಮೊಟ್ಟೆ ಇಟ್ಟೆ. ಊದಿನಕಡ್ಡಿ ಉರಿದು ಮುಗಿಯುವವರೆಗೂ ಕಾಯಬೇಕು, ಆಮೇಲೇ ಕೇಳುವುದು. ದೂರದಲ್ಲಿ ನೀನು ಕಾಲು ಬದಲಾಯಿಸುತ್ತಾ ನಿಂತಿದ್ದೆ. ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ಹೀಗೇ ನಿಲ್ಲುತ್ತಿದ್ದೆ.

ಕ್ರಮ ಏನು ಗೊತ್ತಾ? ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡರೆ ಕೇಳಿದ್ದನ್ನೂ ವಾಪಸ್ ತೆಗೆದುಕೊಳ್ಳಬೇಕು. ಸುಮ್ಮನೆ ದೀಪ ಎತ್ತಿಕೊಂಡು ಬರುವ ಹಾಗಿಲ್ಲ. ಬಾಯಿಬಿಟ್ಟು ಹೇಳಬೇಕು.

ನಾನು ಕೇಳಿದ್ದು ಏನು ಅಂತ ನಿನಗೆ ಈಗ ಗೊತ್ತಾಗಿರಬೇಕು. ನೀನು ಬುದ್ಧಿವಂತೆ. ನವೆಂಬರಿನಲ್ಲೇ ಕೇಳಿಕೊಂಡಿದ್ದೆ, ನನ್ನ ಮಗಳನ್ನು ಮನೆಗೆ ವಾಪಸ್ ಕಳಿಸಪ್ಪಾ ಅಂತ. ನೀನು ಎಷ್ಟು ವರ್ಷ ಬೇಕಾದರೂ ಅಂತ ಬರೆದಾಗ ನನಗೆ ಹೆದರಿಕೆಯಾಯಿತು. ಅದಕ್ಕೇ ಮುಂಗಡ ಕಳಿಸಿದೆ, ಆರದ ದೀಪ. ನಿನಗೆ ಕೇಡಾಗಲಿ ಅಂತ ಅಲ್ಲ ಕಣೇ. ಆದರೆ ನಿಮ್ಮ ಒಡೆಯ ಮಹಾ ನಿಯತ್ತಿನವನು. ಕೇಳಿದ್ದನ್ನು ನಡೆಸಿಯೇಬಿಡುತ್ತಿದ್ದ! ಪುಸ್ತಕ ಕಟ್ಟುತ್ತಿದ್ದೇನೆ ಅಂತ ನೀನು ಬರೆದೆಯಲ್ಲ, ಅದನ್ನು ಓದಿ ನಾನು ಕುಣಿಯಬೇಕಿತ್ತು. ಅಂಗಡಿ ಬಾಗಿಲು ಹಾಕಿಕೊಂಡು ಅತ್ತೆ. ಬಂದು, ಯಾರೂ ನೋಡದೆ, ಹೋಗುತ್ತದೆ ಅಂತ ಬರೆದಿದ್ದೆಯಲ್ಲ, ಆ ಸಾಲಿಗೆ. ಪಾ ಸೆಂಗ್ ಬಾಗಿಲು ಬಡಿದು, "ಸತ್ತೋದ್ಯೇನೇ?" ಅಂತ ಕೂಗಿದಳು. "ಇಲ್ಲ, ನಾಳೆ ಬಸ್ಸು ಎಷ್ಟೊತ್ತಿಗೆ ಕೇಳ್ಕೊಂಡ್ ಬಾ" ಅಂದೆ.

ಊದಿನಕಡ್ಡಿ ಮುಗಿಯಿತು. ಹೇಳಿದೆ. ಜೋರಾಗಿಯೇ ಹೇಳಿದೆ, ಒಡೆಯನಿಗೆ ಆಮೇಲೆ ಗೊಂದಲ ಆಗಬಾರದಲ್ಲ. "ಒಡೆಯಾ, ಕೊಟ್ಟಿದ್ದನ್ನ ವಾಪಸ್ ತಗೊಳ್ತ ಇದೀನಿ. ಕೇಳಿದ್ದನ್ನೂ ವಾಪಸ್ ತಗೊಳ್ತ ಇದೀನಿ. ಅವ್ಳು ಅಲ್ಲೇ ಇರ್ಲಿ." ಕೊನೆಯ ಮಾತನ್ನು ಗುಡಿಯ ಕಂಬ ಹಿಡಿದುಕೊಂಡು ಹೇಳಿದೆ. ಕಮಲ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಅದರ ಬದಲು ಮಣ್ಣಿನ ಹಣತೆ ಇಟ್ಟಿದ್ದೇನೆ, ಎಳ್ಳೆಣ್ಣೆಯದು. ಅದರಿಂದ ನಿನ್ನ ಬಾಣಲೆಗೆ ತೊಂದರೆ ಇಲ್ಲ ಅಂತ ನಿನ್ನ ಕೈ ಕಟ್ಟಿದವರು ಹೇಳಿದರು. ಎಣ್ಣೆ ಹಾಕುವ ಕೆಲಸ ಲುಂಗ್ ಪನ್‌ಗೆ ಒಪ್ಪಿಸಿದ್ದೇನೆ. ಮರೆತರೆ ಬೈಯಿ.

ಚುಕ್ಕಿ ಬರುವವರೆಗೂ ಇರು ಅಂದೆ ನೀನು. ಬಸ್ಸು ತಪ್ಪುತ್ತದೆ ಅಂದೆ ನಾನು. ಸುಳ್ಳು. ಇನ್ನೊಂದು ಬಸ್ಸಿತ್ತು. ಅಕಸ್ಮಾತ್ ಅದು ಬರದಿದ್ದರೆ ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ಮಾತು. ನಿನ್ನ ಬಾಣಲೆ ಫೋಟೋದಲ್ಲಿ ಕಂಡದ್ದಕ್ಕಿಂತ ಚೆನ್ನಾಗಿದೆ. ಅದು ತಿರುಗುವಾಗ ನನಗೂ ಕಿರುಚಬೇಕು ಅನ್ನಿಸಿತು.

ಬಂತಾ? ಬೇಗ ಬರಿ. ಅಥವಾ ಫೋನ್ ಮಾಡು, ಎತ್ತುತ್ತೇನೆ.

ಅಮ್ಮ


ದೋಯ್ ಸಾಂಗ್‌ಫಾ
೨೦ ಜನವರಿ ೨೫೬೭

ಅಮ್ಮಾ,

ಬಂತು!

ಅದೇ ದಿನ ಬಂತು! ನಿನ್ನ ಬಸ್ಸು ಬೆಟ್ಟದ ಮೂರನೇ ತಿರುವು ದಾಟುವುದು ಕಿಟಕಿಯಿಂದ ಕಾಣಿಸುತ್ತಿತ್ತು. ಪರದೆ ಶುಭ್ರವಾಗಿತ್ತು, ಗುಡಿಸಿದ ಅಂಗಳದ ಹಾಗೆ. ಕೋಣೆಯಲ್ಲಿ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಲೆಕ್ಕ ಹಾಕಿಟ್ಟಿದ್ದ ಹೊತ್ತಿಗೆ ಸರಿಯಾಗಿ ಒಂದು ಮುಳ್ಳು ಎದ್ದಿತು. ಟಕ್. ಆಮೇಲೆ ಇನ್ನೊಂದು. ಲುಂಗ್ ಪನ್ ಬಾಗಿಲ ಸಂದಿಯಿಂದ, "ಇದು ನನ್ ದೀಪ ಅಲ್ಲ ತಾನೇ?" ಅಂದ. ನಾನು ಡಿಶ್ಶನ್ನು ಪಕ್ಕಕ್ಕೆ ಸರಿಸಿದೆ, ನಿಂತುಹೋಯಿತು. ವಾಪಸ್ ತಂದೆ, ಟಕ್! ಪೀ ಮೊಂಗ್ಕೋಲ್ ನನ್ನ ಬೆನ್ನಿಗೆ ಎಷ್ಟು ಜೋರಾಗಿ ಹೊಡೆದರು ಅಂದರೆ ಇವತ್ತೂ ನೋಯುತ್ತಿದೆ.

ಮಾರನೇ ದಿನ ನಾಲ್ಕು ನಿಮಿಷ ಮೊದಲು. ಅದರ ಮುಂದಿನ ಎರಡು ದಿನವೂ ಇನ್ನೂ ನಾಲ್ಕು ನಾಲ್ಕು ನಿಮಿಷ ಮೊದಲು. ನಿನ್ನೆ ರಜಾ ಹಾಕಿತ್ತು. ಇವತ್ತು ಮತ್ತೆ ಹಾಜರ್. ಆಚಾನ್ ವರದಿಯ ಹಾಳೆ ತಂದು ನನ್ನ ಮುಂದೆ ಇಟ್ಟರು. ನನ್ನ ಹೆಸರು ಮೊದಲಿದೆ. ಆಮೇಲೆ ಹೊರಗೆ ಹೋಗಿ ಹಣತೆಗೆ ತಾವೇ ಎಣ್ಣೆ ಹಾಕಿ ಬಂದರು. ನಂಬುವುದಿಲ್ಲವಂತೆ.

ನಿನ್ನ ಕಾಗದ ಪೂರ್ತಿ ಓದಿದೆ. ಎರಡು ಸಲ. ಮೊದಲು ಸಿಟ್ಟು ಬಂತು ಅಮ್ಮಾ, ಸುಳ್ಳು ಹೇಳುವುದಿಲ್ಲ. ನನ್ನ ಬೆನ್ನ ಹಿಂದೆ ನನ್ನನ್ನೇ ಬೇಡಿಕೊಂಡಿದ್ದೆಯಲ್ಲ! ಆಮೇಲೆ, ಅವತ್ತು ಗುಡಿಯ ಮುಂದೆ ನಿನ್ನ ಬೆನ್ನು ನೋಡುತ್ತಾ ನಾನು ನಿಂತಿದ್ದೆನಲ್ಲ, ಅದು ನೆನಪಾಯಿತು. ನೀನು ಏನು ಹೇಳುತ್ತಿದ್ದೀಯ ಅಂತ ಕೇಳಿಸಲಿಲ್ಲ. ಭುಜ ಒಂದು ಸಲ ಅಲುಗಿದ್ದು ಮಾತ್ರ ಕಂಡಿತು. ಆಕಾಶದ ಅಷ್ಟು ಸಣ್ಣ ಸದ್ದು ಹಿಡಿಯುವವಳು ನಾನು, ನಿನ್ನದನ್ನು ಹಿಡಿಯಲಿಲ್ಲ.

ನಿನ್ನೆ ನಾನೂ ಗುಡಿಯ ಮುಂದೆ ನಿಂತೆ. ಒಡೆಯನಿಗೆ ಹೇಳಿದೆ, "ಅಮ್ಮ ಕೇಳಿದ್ದನ್ನ ವಾಪಸ್ ತಗೊಂಡಿದ್ದಾಳೆ, ಸರಿ. ನೀನೇನೂ ಮಾಡ್ಬೇಡ. ನಾನೇ ಹೋಗಿ ಬರ್ತೀನಿ."

ಲೆಕ್ಕ ಹಾಕಿದ್ದೇನೆ. ದಿನಕ್ಕೆ ನಾಲ್ಕು ನಿಮಿಷದಂತೆ ಚುಕ್ಕಿ ಹಿಂದೆ ಹಿಂದೆ ಸರಿಯುತ್ತಾ ಹೋಗಿ, ಏಪ್ರಿಲಿನಲ್ಲಿ ಹೊಸವರ್ಷದ ಸೋಂಗ್‌ಕ್ರಾನ್ ಹಬ್ಬದ ಹೊತ್ತಿಗೆ ಬೆಳಗ್ಗೆ ಆರಕ್ಕೆ ನೆತ್ತಿಗೆ ಬರುತ್ತದೆ. ನೀನು ಅಂಗಡಿಯ ಬಾಗಿಲು ತೆಗೆಯುವ ಹೊತ್ತು. ಕಣ್ಣಿಗೆ ಕಾಣುವುದಿಲ್ಲ, ಮೇಲೆ ನೋಡಿ ಕತ್ತು ನೋಯಿಸಿಕೊಳ್ಳಬೇಡ. ಅದು ಅಲ್ಲಿರುತ್ತದೆ, ನನ್ನ ಮಾತು ನಂಬು. ನೀನು ಕೆಳಗೆ ನೋಡು, ಮೆಟ್ಟಿಲ ಕಡೆಗೆ. ಹಬ್ಬದ ದಿನ ನಾನು ಅಲ್ಲಿ ಚೀಲ ಇಟ್ಟುಕೊಂಡು ಕೂತಿರುತ್ತೇನೆ, ನೀನು ಬಾಗಿಲು ತೆಗೆಯುವುದಕ್ಕಿಂತ ನಾಲ್ಕು ನಿಮಿಷ ಮೊದಲೇ.

ನಿನ್ನ
ಅಳಿಲು